ರಕ್ತದ ಚೀಟಿ: ಒಂದೇ ಸಾಲು ಓದಿದರೆ ಸಾಲದು

ಅಡಿಕೆ ಸೋಗೆ ಹಳದಿಯಾದೊಡನೆ ಯೂರಿಯಾ ಚೀಲ ಬಿಚ್ಚುವುದನ್ನು ನಮ್ಮ ಬೆಳೆಗಾರ ಬಾಂಧವರು ಒಪ್ಪುವುದಿಲ್ಲ. ಗೊಬ್ಬರದ ಕೊರತೆಯೋ, ನೀರು ನಿಂತು ಬೇರು ಕೆಟ್ಟಿದೆಯೋ, ಹಳದಿ ಎಲೆ ರೋಗವೋ ಎಂದು ಮೊದಲು ನೋಡುತ್ತಾರೆ. ರಕ್ತ ಪರೀಕ್ಷೆಯ ವಿಷಯದಲ್ಲಿ ಮಾತ್ರ ಈ ವಿವೇಕ ಕಾಣುವುದಿಲ್ಲ. ಹಿಮೋಗ್ಲೋಬಿನ್ ಕಡಿಮೆ ಎಂದು ಚೀಟಿಯಲ್ಲಿ ಕಂಡರೆ, ಟಾನಿಕ್ ಬಾಟಲಿ ತರುವುದರೊಂದಿಗೆ ಕೆಲಸ ಮುಗಿಯುತ್ತದೆ. ಇದು ಸಾಲದೆಂಬುದು ನಮ್ಮ ಅಭಿಪ್ರಾಯ.

ನೂರು ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ವಯಸ್ಕ ಗಂಡಸರಿಗೆ 13 ಗ್ರಾಂ, ಗರ್ಭಿಣಿಯರಲ್ಲದ ಹೆಂಗಸರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಆದರೆ ಈ ಅಂಕಿ ಕೊರತೆಯನ್ನು ಹೇಳೀತೇ ಹೊರತು ಕಾರಣವನ್ನಲ್ಲ. ಕಾರಣದ ಸುಳಿವು ಕೆಳಗಿನ ಸಾಲುಗಳಲ್ಲಿರುತ್ತದೆ. ಎಂ.ಸಿ.ವಿ. ಎಂದರೆ ಕೆಂಪುಕಣದ ಗಾತ್ರ. ಸಾಮಾನ್ಯವಾಗಿ 80ರಿಂದ 100. ಗಾತ್ರವೂ ಕಣಗಳ ಸಂಖ್ಯೆಯೂ ಇಳಿದಿದ್ದರೆ ಹೆಚ್ಚಾಗಿ ಕಬ್ಬಿಣಾಂಶದ ಕೊರತೆ. ಬರಿಗಾಲಲ್ಲಿ ತೋಟ ತಿರುಗುವವರಿಗೆ ಕೊಕ್ಕೆಹುಳುವೂ ಇದಕ್ಕೆ ಕಾರಣವಾಗಬಹುದು. ಕಣ ಸಣ್ಣದಿದ್ದು ಸಂಖ್ಯೆ ಇಳಿಯದಿದ್ದರೆ, ಹೆತ್ತವರಿಂದ ಬಂದ ಥಲಸ್ಸೇಮಿಯಾ ಅಥವಾ ಹಿಮೋಗ್ಲೋಬಿನ್-ಇ ಗುಣವಿರಬಹುದೆಂದು ವೈದ್ಯರು ಸಂಶಯಿಸುತ್ತಾರೆ. ಫೆರಿಟಿನ್ ಪರೀಕ್ಷೆ ಮೈಯಲ್ಲಿನ ಕಬ್ಬಿಣದ ದಾಸ್ತಾನನ್ನೂ, ಎಚ್.ಪಿ.ಎಲ್.ಸಿ. ಪರೀಕ್ಷೆ ಹಿಮೋಗ್ಲೋಬಿನ್ನಿನ ಬಗೆಯನ್ನೂ ತಿಳಿಸುತ್ತವೆ.

ಇದು ನಮಗೆ ಸಂಬಂಧಿಸದ ಮಾತೆಂದು ಯಾರೂ ಭಾವಿಸಬಾರದು. ಹಿಮೋಗ್ಲೋಬಿನ್-ಇ ಬಂಗಾಳ, ಅಸ್ಸಾಂ ಕಡೆ ಹೆಚ್ಚು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳು ನೆಲೆಸಿರುವ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಳೂ ನಮ್ಮ ರಾಜ್ಯದಲ್ಲೇ ಇವೆ. ಅಸ್ಸಾಮಿನ ಕಾರ್ಮಿಕರು ನಮ್ಮ ಕಾಫಿ ತೋಟಗಳ ಲೈನ್ ಮನೆಗಳಲ್ಲೇ ಇದ್ದಾರೆ. ಗಿರಿಜನರಲ್ಲಿ ಕಾಣುವ ಸಿಕಲ್ ಸೆಲ್ ರಕ್ತಹೀನತೆಯ ನಿರ್ಮೂಲನೆಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಕರ್ನಾಟಕವೂ ಸೇರಿದೆ. ಥಲಸ್ಸೇಮಿಯಾ ಗುಣವಿರುವವರು ಸಾಮಾನ್ಯವಾಗಿ ಆರೋಗ್ಯವಂತರೇ. ಅದು ಅಂಟುವುದಿಲ್ಲ, ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಆದರೆ ಒಬ್ಬರಿಗೆ ಬೀಟಾ ಥಲಸ್ಸೇಮಿಯಾ ಗುಣ, ಇನ್ನೊಬ್ಬರಿಗೆ ಅದೇ ಅಥವಾ ಹಿಮೋಗ್ಲೋಬಿನ್-ಇ ಗುಣವಿದ್ದರೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಮಗುವಿಗೆ ರೋಗ ಬರುವ ಸಂಭವವಿದೆ. ಅಂಥ ಮಗು ಬದುಕಿಡೀ ಬೇರೆಯವರ ರಕ್ತವನ್ನು ಅವಲಂಬಿಸಬೇಕಾಗಬಹುದು. ಮದುವೆಗೆ ಮುಂಚೆ, ತಪ್ಪಿದರೆ ಬಸಿರಿನ ಮೊದಲ ತಿಂಗಳುಗಳಲ್ಲೇ ಇದನ್ನು ತಿಳಿಯಬೇಕು.

ಹಾಗೆಂದು ಯಾರೂ ತಾವಾಗಿಯೇ ಕಬ್ಬಿಣದ ಮಾತ್ರೆ ನಿಲ್ಲಿಸತಕ್ಕದ್ದಲ್ಲ, ಗರ್ಭಿಣಿಯರಂತೂ ಸರ್ವಥಾ ಕೂಡದು. ಎರಡು ಕಾರಣಗಳೂ ಒಬ್ಬರಲ್ಲೇ ಇರಬಹುದು. ಮಾತ್ರೆಯ ಜೊತೆಗೆ ಕಾಫಿ ಬೇಡ. ಬೆಳೆಗಾರರಾದ ನಮಗೆ ಇದು ಕಹಿ ಮಾತಾದರೂ, ಕಾಫಿ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ.

ಸಂಘವು ಕಾಫಿ ಕೊಯ್ಲು ಮುಗಿದ ಮೇಲೆ ಬೆಳೆಗಾರರಿಗೂ ಕಾರ್ಮಿಕರಿಗೂ ಒಟ್ಟಿಗೆ ರಕ್ತ ಪರೀಕ್ಷೆ ಏರ್ಪಡಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಚೀಟಿ ಹಂಚಿದರಷ್ಟೇ ಸಾಲದು. ಅದನ್ನು ವೈದ್ಯರು ಅವರವರ ಭಾಷೆಯಲ್ಲಿ ಓದಿ ಹೇಳುವಂತಾಗಬೇಕು. ಸದಸ್ಯರೂ ಮಣ್ಣು ಪರೀಕ್ಷೆಯ ಕಾಗದದಂತೆ ರಕ್ತದ ಚೀಟಿಗಳನ್ನೂ ವರ್ಷವಾರು ಜೋಡಿಸಿಡಲಿ. ಮಾತ್ರೆಯಿಂದ ಗುಣ ಕಂಡಿತೋ ಇಲ್ಲವೋ ಎಂಬುದು ಹಳೆಯ ಚೀಟಿಯ ಪಕ್ಕದಲ್ಲಿ ಹೊಸದನ್ನಿಟ್ಟಾಗಲೇ ತಿಳಿಯುವುದು.