ವೆಂಕಟಪ್ಪ ಚಿತ್ರಶಾಲೆ ಯಾರ ಕೈಯಲ್ಲಿರಬೇಕು?

ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯನ್ನು ಉದ್ಯಮಿ ಅಭಿಷೇಕ್ ಪೊದ್ದಾರ್ ಅವರ ತಸ್ವೀರ್ ಫೌಂಡೇಶನ್‌ಗೆ ದತ್ತು ಕೊಡಲು, ಅಂದರೆ ನಡೆಸುವ ಹೊಣೆ ವಹಿಸಲು, ರಾಜ್ಯದ ಪ್ರವಾಸೋದ್ಯಮ ಇಲಾಖೆ 2015ರಲ್ಲಿ ಒಪ್ಪಂದ ಮಾಡಿಕೊಂಡಿತು. ವಿಷಯ ತಿಳಿದ ಕಲಾವಿದರು ಬೀದಿಗಿಳಿದರು. ಕೊನೆಗೆ ದತ್ತು ನಡೆಯಲಿಲ್ಲ.

ದತ್ತಿನ ಪರವಾಗಿದ್ದವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಚಿತ್ರಶಾಲೆ ಯಾರ ಹೆಸರಿನಲ್ಲಿದೆಯೋ ಆ ಕಲಾವಿದ ವೆಂಕಟಪ್ಪನವರ ಜಲವರ್ಣಗಳು ಕಾಗದದ ಮೇಲಿನವು. ಬೆಳಕು, ತೇವ ಎರಡೂ ಅವುಗಳಿಗೆ ಶತ್ರು. ಅವನ್ನು ಕಾಯಲು ಬಣ್ಣ, ಕಾಗದ ಬಲ್ಲ ತಜ್ಞರು ಬೇಕು, ವರ್ಷ ವರ್ಷವೂ ತಪ್ಪದೆ ಹಣ ಬೇಕು. ಸರ್ಕಾರಿ ಕಡತ ಇವೆರಡನ್ನೂ ಹೊತ್ತಿಗೆ ಸರಿಯಾಗಿ ಒದಗಿಸುವುದು ಅಪರೂಪ. ಇತ್ತ ಪೊದ್ದಾರ್ ಕಸ್ತೂರಬಾ ರಸ್ತೆಯಲ್ಲೇ ಬೇರೆ ಕಟ್ಟಡ ಕಟ್ಟಿಸಿ 2023ರಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯನ್ನು ತೆರೆದರು. ಅಲ್ಲಿ 60,000ಕ್ಕೂ ಹೆಚ್ಚು ಕೃತಿಗಳಿವೆ, ಸಂರಕ್ಷಣೆಗೆಂದೇ ಪ್ರಯೋಗಾಲಯವಿದೆ. ಖಾಸಗಿ ಸಂಗ್ರಹವೊಂದು ಹೀಗೆ ಊರಿನ ಎದುರು ತೆರೆದುಕೊಂಡಿದ್ದು ನಿಜಕ್ಕೂ ಸಂತೋಷದ ಸಂಗತಿ.

ಆದರೂ ಕಲಾವಿದರ ಭಯಕ್ಕೆ ಬುಡವಿತ್ತು. ಹೆಸರಿಲ್ಲದ ಹುಡುಗನೊಬ್ಬ ಕಡಿಮೆ ಬಾಡಿಗೆ ಕಟ್ಟಿ ಮೊದಲ ಪ್ರದರ್ಶನ ಇಡಬಹುದಾದ ಜಾಗ ವೆಂಕಟಪ್ಪ ಚಿತ್ರಶಾಲೆ. ಯಾರ ಚಿತ್ರ ಗೋಡೆ ಏರಬೇಕು ಎಂದು ದೊಡ್ಡ ಸಂಗ್ರಹಕಾರರೇ ತೀರ್ಮಾನಿಸತೊಡಗಿದರೆ ಅಂಥವನು ಎಲ್ಲಿಗೆ ಹೋಗಬೇಕು? ಸಾರ್ವಜನಿಕ ಚಿತ್ರಶಾಲೆಯಲ್ಲಿ ತೂಗುಹಾಕಿದ ಕೃತಿಗೆ ಮಾರುಕಟ್ಟೆಯಲ್ಲಿ ಬೆಲೆ ಏರುತ್ತದೆ; ಅದೇ ಕಲಾವಿದನ ಕೃತಿಗಳು ಚಿತ್ರಶಾಲೆ ನಡೆಸುವವರ ಬಳಿಯೂ ಇದ್ದರೆ, ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಅನುಮಾನ ಹುಟ್ಟದೆ ಇರದು. ಪೋಷಕರ ಆಸರೆಗೆ ಆಯುಷ್ಯವೂ ಇರುತ್ತದೆ. ತಮ್ಮ ಪೋಷಕರಾಗಿದ್ದ ಮೈಸೂರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ 1940ರಲ್ಲಿ ತೀರಿಕೊಂಡ ಮೇಲೆ ವೆಂಕಟಪ್ಪನವರೇ ಅರಮನೆಯ ವಿರುದ್ಧ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ನನಗೆ ಅತಿ ದೊಡ್ಡ ತಪ್ಪೆನಿಸುವುದು ಕಲಾವಿದರನ್ನು ಕೇಳದೆ ಸಹಿ ಹಾಕಿದ್ದು. ಕಲಾವಿದ ಕೆ.ಕೆ. ಹೆಬ್ಬಾರರು ತಮ್ಮ ಚಿತ್ರಗಳನ್ನು ಆ ಚಿತ್ರಶಾಲೆಗೆ ಕೊಟ್ಟದ್ದು ಅದು ಎಲ್ಲರದು ಎಂಬ ನಂಬಿಕೆಯಿಂದಲ್ಲವೇ?

ಹಾಗೆಂದು ಉದ್ಯಮಿಗಳ ಹಣವೇ ಬೇಡ ಎನ್ನಲು ನನ್ನಿಂದಾಗದು. ಮುಂದೆ ಇದೇ ಕಟ್ಟಡದ ನವೀಕರಣವನ್ನು ಬ್ರಿಗೇಡ್ ಫೌಂಡೇಶನ್ ವಹಿಸಿಕೊಂಡಿತು. ಕಟ್ಟಡ ಸರಿಪಡಿಸುವುದು, ಕೃತಿಗಳನ್ನು ಎರವಲು ಕೊಡುವುದು, ಪ್ರಯೋಗಾಲಯದ ನೆರವು ನೀಡುವುದು, ಇವೆಲ್ಲ ಸ್ವಾಗತಾರ್ಹ. ಆಯ್ಕೆಯ ಅಧಿಕಾರ ಮಾತ್ರ ಕಲಾವಿದರೂ ಇರುವ ಸಮಿತಿಯಲ್ಲೇ ಉಳಿಯಲಿ. ಒಪ್ಪಂದದ ಪ್ರತಿ ಸಹಿಗೆ ಮೊದಲೇ, ಕನ್ನಡದಲ್ಲಿ, ಎಲ್ಲರಿಗೂ ಓದಲು ಸಿಗಲಿ.