ಕೆಲ್ಮ್‌ಸ್ಕಾಟ್ ಮನೆ: ಕಟ್ಟಡವೆಂಬ ಏಕೈಕ ಹಸ್ತಪ್ರತಿ

ಹಳೆಯ ಕಟ್ಟಡವೊಂದನ್ನು ‘ಮೂಲಸ್ಥಿತಿಗೆ’ ತರುವುದೆಂದರೇನು? ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ಪ್ರಶ್ನೆ ಹೊಸದಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ, ಥೇಮ್ಸ್ ನದಿಯ ಸಮೀಪದಲ್ಲಿರುವ ಕೆಲ್ಮ್‌ಸ್ಕಾಟ್ ಮ್ಯಾನರ್ ಎಂಬ ಮನೆಯ ಚರಿತ್ರೆಯೂ ಇದೇ ಪ್ರಶ್ನೆಯನ್ನು ಎತ್ತುತ್ತದೆ.

ಸುಮಾರು 1600ರ ಹೊತ್ತಿಗೆ ಟರ್ನರ್ ಎಂಬ ಕೃಷಿಕ ಮನೆತನದವರು ಕಟ್ಟಿಸಿದ ಮನೆಯಿದು. ಗೋಡೆಗಳು ಸ್ಥಳೀಯ ಸುಣ್ಣಕಲ್ಲಿನವು. ಮಾಡಿಗೆ ಹೊದಿಸಿದ ಕಲ್ಲುಹಲಗೆಗಳು ಸೂರಿನಂಚಿನಲ್ಲಿ ದೊಡ್ಡವಾಗಿದ್ದು, ಮೇಲೇರಿದಂತೆ ಕಿರಿದಾಗುತ್ತವೆ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಈಶಾನ್ಯದ ಭಾಗ ಸೇರಿಕೊಂಡಿತು. 1871ರಲ್ಲಿ ಕವಿ ಹಾಗೂ ವಿನ್ಯಾಸಕಾರ ವಿಲಿಯಂ ಮಾರಿಸ್, ರೊಸೆಟ್ಟಿಯೊಡಗೂಡಿ ಇದನ್ನು ಬಾಡಿಗೆಗೆ ಹಿಡಿದನು. 1896ರಲ್ಲಿ ತೀರಿಕೊಳ್ಳುವವರೆಗೂ ಅವನು ಬಾಡಿಗೆದಾರನಾಗಿಯೇ ಉಳಿದನು. 1890ರಲ್ಲಿ ಪ್ರಕಟವಾದ ಅವನ ‘ನ್ಯೂಸ್ ಫ್ರಂ ನೋವೇರ್’ ಕಥನದ ನದೀಯಾನ ಮುಗಿಯುವುದು ಈ ಮನೆಯ ಪರಿಸರದಲ್ಲಿಯೇ.

1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘವನ್ನು ಸ್ಥಾಪಿಸಿದವರಲ್ಲಿ ಮಾರಿಸ್ ಪ್ರಮುಖನು. ಅನಂತರದ ಸೇರ್ಪಡೆಗಳನ್ನು ಕೆರೆದುಹಾಕಿ ಊಹಿತ ಮೂಲವನ್ನು ನಿಲ್ಲಿಸುವ ಜೀರ್ಣೋದ್ಧಾರವು ಚರಿತ್ರೆಯ ನಾಶವೇ ಸರಿ. ಕಟ್ಟಡಕ್ಕೆ ಬೇಕಾದುದು ಸಕಾಲಿಕ ದುರಸ್ತಿ ಮಾತ್ರ ಎಂಬುದು ಅವನ ನಿಲುವು. ಈ ನಿಲುವು ನಮಗೆ ಮುಖ್ಯವೆನಿಸಬೇಕು. ಸಂಪಾದಕನು ಪಾಠವನ್ನು ತಿದ್ದಿದರೂ ಓಲೆಗರಿ ಹಾಗೆಯೇ ಉಳಿಯುತ್ತದೆ. ತಿರಸ್ಕೃತ ಪಾಠಾಂತರಕ್ಕೆ ಅಡಿಟಿಪ್ಪಣಿಯಲ್ಲಿ ಎಡೆಯುಂಟು. ಕಟ್ಟಡದಲ್ಲಾದರೋ ತಿದ್ದುಪಡಿ ನಡೆಯುವುದು ಏಕೈಕ ಹಸ್ತಪ್ರತಿಯ ಮೇಲೆಯೇ. ಅಲ್ಲಿ ಅಳಿಸಿದ್ದು ಮರಳಿ ದೊರೆಯದು.

ಆದರೆ ಮಾರಿಸನ ನಿಲುವಿನಿಂದ ಎಲ್ಲವೂ ಇತ್ಯರ್ಥವಾಗುವುದಿಲ್ಲ. ಅವನ ಮಗಳು ಮೇ ಮಾರಿಸ್ 1938ರಲ್ಲಿ ತೀರಿಕೊಂಡಾಗ ಮನೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೂ, 1962ರಲ್ಲಿ ಲಂಡನ್ನಿನ ಪುರಾತತ್ತ್ವಜ್ಞರ ಸಂಘಕ್ಕೂ ಸೇರಿತು. ಇಂದು ಅದು ಪ್ರಸಿದ್ಧವಾಗಿರುವುದು ಮಾರಿಸನ ಮನೆಯೆಂದೇ. ತಲೆಮಾರುಗಳ ಕಾಲ ಅಲ್ಲಿ ಬಾಳಿದ ಕೃಷಿಕರು ಹಿನ್ನೆಲೆಗೆ ಸರಿದಿದ್ದಾರೆ. ಏನನ್ನೂ ಕೆರೆಯದೆಯೂ ಒಂದು ಕಾಲವನ್ನು ಮುನ್ನೆಲೆಗೆ ತಂದು ಉಳಿದವನ್ನು ಮಸುಕಾಗಿಸಬಹುದೆಂಬುದಕ್ಕೆ ಇದು ನಿದರ್ಶನ.

ನಮ್ಮ ಗುತ್ತಿನ ಮನೆಗಳನ್ನೂ ವಾಡೆಗಳನ್ನೂ ನವೀಕರಿಸುವಾಗ ಈ ಎರಡು ಎಚ್ಚರಗಳೂ ಅಗತ್ಯ. ಯಾವ ತೊಲೆ ಯಾವ ಕಾಲದ್ದು, ಯಾವ ಕೋಣೆ ಯಾರ ದುಡಿಮೆಯ ತಾಣವಾಗಿತ್ತು ಎಂಬುದು ಕೆಲಸ ತೊಡಗುವ ಮುನ್ನವೇ ದಾಖಲಾಗಬೇಕು. ಕಟ್ಟಡಕ್ಕೆ ದೊರೆಯಬಹುದಾದ ಅಡಿಟಿಪ್ಪಣಿ ಅದೊಂದೇ. ಹಸ್ತಪ್ರತಿಗಳ ನಡುವೆ ಪಳಗಿದ ಕನ್ನಡ ಸಂಶೋಧಕರು ಈ ಕೆಲಸವನ್ನು ವಾಸ್ತುತಜ್ಞರಿಗಷ್ಟೇ ಬಿಟ್ಟುಕೊಡುವುದು ಉಚಿತವಲ್ಲ.