ಬೊಳ್ಳುವಿನ ಪಟ್ಟಿಯೂ ಎನ್ನ ಸೊಂಟವೂ

ಓ ಮೊನ್ನೆ ಮೂಡಬಿದ್ರೆಲಿ ಒಂದು ಉಪನಯನದ ಊಟಕ್ಕೆ ಕೂದಿಪ್ಪಗ ಹತ್ತರೆ ಕೂದ ಅಕ್ಕ ಕೇಳಿತ್ತು, “ನಿಂಗಳ ಆ ಸೊಂಟ ಹೋದ ನಾಯಿ ಇನ್ನೂ ಇದ್ದೋ?” ಇದ್ದು ಹೇಳಿದೆ. “ಅಯ್ಯೋ, ಎಷ್ಟು ದಿನ ಹೇಳಿ ಎತ್ತುತ್ತೆ ನೀನು? ಎಲ್ಲಿಯಾದರೂ ಪೇಟೆ ಕರೆಲಿ ಬಿಟ್ಟಿಕ್ಕಿ ಬಂದರೆ ಆವ್ತಿತ್ತಿಲ್ಲೆಯೋ? ಆಯುಷ್ಯ ಇದ್ದರೆ ಬದ್ಕುಗು.” ಎನ್ನ ಬಾಯಿಲಿ ಹೋಳಿಗೆ ಇದ್ದತ್ತು, ಉತ್ತರ ಹೇಳ್ಲೆ ಎಡಿಗಾಯಿದಿಲ್ಲೆ. ಮನಗೆ ಬಂದ ಮತ್ತೆ ಉತ್ತರ ಉದ್ದ ಆತು, ಹಾಂಗಾಗಿ ಬರದ್ದು.

ಎಂಗಳ ಮನೆ ಬಂಟ್ವಾಳಂದ ಬೆಳ್ತಂಗಡಿಗೆ ಹೋಪ 73ನೇ ಹೆದ್ದಾರಿಂದ ರಜ್ಜ ಒಳ. ಮಾರ್ಗ ಅಗಲ ಆದ ಮತ್ತೆ ವಾಹನಂಗೊಕ್ಕೆ ಬ್ರೇಕು ಇದ್ದೋ ಇಲ್ಲೆಯೋ ಹೇಳಿ ಎನಗೆ ಸಂಶಯ. ಬೊಳ್ಳು ಊರಿನ ನಾಯಿ, ಪೈಸೆ ಕೊಟ್ಟು ತಂದ ಜಾತಿ ನಾಯಿ ಅಲ್ಲ. ಆರು ವರ್ಷ ತೋಟಲ್ಲಿ ಮಂಗಂಗಳ ಓಡ್ಸಿದ್ದು, ಇರುಳು ಹಂದಿಗೆ ಕೊರಪ್ಪಿದ್ದು, ಅದಕ್ಕೆ ಎಂಗೊ ಕೊಟ್ಟ ಸಂಬಳ ಎರಡು ಹೊತ್ತು ಅಶನ. ಕಳುದ ಆಟಿಲಿ ಒಂದು ದಿನ ಹೊತ್ತೋಪಗ ಮಾರ್ಗಲ್ಲಿ ಒಂದು ಪಿಕಪ್ ಹೊಡದು ಹಿಂದಾಣ ಎರಡೂ ಕಾಲು ಬಿದ್ದತ್ತು.

ಆ ದಿನ ಎಂಗೊ ಒಂದು ತಪ್ಪು ಮಾಡಿದೆಯೊ. ಮಳೆಗೆ ಚೆಂಡಿ ಆವ್ತು ಹೇಳಿ ಎದುರಾಣ ಕಾಲು ಹಿಡುದು ಎಳದು ಜೆಗಿಲಿಗೆ ತಂದದು. ಹಾಂಗೆ ಮಾಡ್ಲಾಗ ಹೇಳಿ ಮತ್ತೆ ಗೊಂತಾತು. ಬೆನ್ನಿನ ಎಲುಬು ತುಂಡಾಗಿಕ್ಕು ಹೇಳಿ ಸಂಶಯ ಬಂದರೆ ಅಂಬಗಳೇ ಪಟ್ಟಿ ಕಟ್ಟಿ ನಿಲ್ಲುಸುಲೂ ಆಗ, ಎಳವಲೂ ಆಗ. ಒಂದು ಹಲಗೆ ಮೇಲೆ ಮನುಶಿ, ಬೈರಾಸಿಲಿ ಸಡಿಲ ಕಟ್ಟಿ, ಅಲುಗದ್ದ ಹಾಂಗೆ ಡಾಕ್ಟ್ರ ಹತ್ತರೆ ತೆಕ್ಕೊಂಡು ಹೋಯೆಕ್ಕು. ದನಕ್ಕೆ ಹುಶಾರಿಲ್ಲದ್ದರೆ 1962ಕ್ಕೆ ಫೋನು ಮಾಡ್ಲೆ ನವಗೆಲ್ಲ ಗೊಂತಿದ್ದು. ನಾಯಿಗೆ ಹೇಳಿ ಕೇಳ್ಲೆ ಎಂತಕೆ ನಾಚಿಕೆಯೋ!

ಡಾಕ್ಟ್ರು ಹಿಂದಾಣ ಕಾಲಿನ ಬೆರಳಿಂಗೆ ಗಟ್ಟಿ ಚೂಂಟಿದವು. ಬೊಳ್ಳು ಕಾಲು ಎಳದತ್ತು. ಎನಗೆ ಕೊಶಿ ಆತು. ಅವು ತಲೆ ಆಡ್ಸಿದವು. ಕಾಲು ಎಳದರೆ ಸಾಕಾಗ, ಅದು ತಲೆಗೆ ಗೊಂತಿಲ್ಲದ್ದೆ ಬೆನ್ನುಹುರಿ ತನ್ನಷ್ಟಕ್ಕೆ ಮಾಡುವ ಕೆಲಸ, ನಾಯಿ ತಿರುಗಿ ನೋಡೆಕ್ಕು, ಕೂಗೆಕ್ಕು, ಅಂಬಗ ಬೇನೆ ತಲೆವರೆಗೆ ಎತ್ತುತ್ತು ಹೇಳಿ ಅರ್ಥ, ಹೇಳಿದವು. ಮತ್ತೊಂದರಿ ಇನ್ನೂ ಗಟ್ಟಿ ಚೂಂಟಿಯಪ್ಪಗ ಬೊಳ್ಳು ತಿರುಗಿ ಅವರ ಕೈಗೇ ಬಾಯಿ ಹಾಕಲೆ ಹೋತು. ನಾಯಿ ಕಚ್ಚುಲೆ ಹೋದ್ದಕ್ಕೆ ಎನಗೆ ಅಷ್ಟು ಕೊಶಿ ಅದರಿಂದ ಮೊದಲೂ ಆಯಿದಿಲ್ಲೆ, ಮತ್ತೆಯೂ ಆಗ.

ಸುರುವಾಣ ವಾರಂಗಳಲ್ಲಿ ಬರೀ ಮನುಗುಸುದೇ ಕೆಲಸ. ಆ ಸಮಯಲ್ಲಿ ಬಂದವರ ಬಾಯಿಂದ ಕೇಳಿದ್ದರ ಎಲ್ಲ ಬರದರೆ ಒಂದು ಪುಸ್ತಕ ಅಕ್ಕು. ಕೆಲವು ಜೆನ “ಒಂದು ಇಂಜೆಕ್ಷನು ಕೊಡ್ಸಿಬಿಡು” ಹೇಳಿದವು. ಕೆಲವು “ಛೆ, ಅದು ಪಾಪ, ಅದರಷ್ಟಕ್ಕೆ ಬಿಡು” ಹೇಳಿದವು. ಉಳುದವು ಊಟದ ಅಕ್ಕನ ಪಕ್ಷ. ಎನಗೆ ಈ ಮೂರರಲ್ಲಿ ಸುರುವಾಣದ್ದರ ಮೇಲೆ ಕೋಪ ಇಲ್ಲೆ. ಬೇನೆ ನಿಲ್ಲುಸುಲೆ ಎಡಿಯದ್ದರೆ, ಡಾಕ್ಟ್ರೇ ಪರೀಕ್ಷೆ ಮಾಡಿ ಇನ್ನು ಆಗ ಹೇಳಿರೆ, ಇಂಜೆಕ್ಷನು ಪಾಪ ಹೇಳಿ ಆನು ಹೇಳೆ. ಆದರೆ ಅದರ ತೀರ್ಮಾನ ಮಾಡೆಕ್ಕಾದ್ದು ಚೂಂಟಿ ನೋಡಿದವು, ಜೆಗಿಲಿಲಿ ಕೂದು ಚಾಯ ಕುಡುದವು ಅಲ್ಲ. ನೋಡುವವಕ್ಕೆ ಸಂಕಟ ಅಪ್ಪದೂ ನಾಯಿಗೆ ಸಂಕಟ ಅಪ್ಪದೂ ಬೇರೆ ಬೇರೆ. ಬೊಳ್ಳು ಆ ದಿನಂಗಳಲ್ಲಿಯೂ ಬಟ್ಲಿನ ಶಬ್ದ ಕೇಳಿರೆ ಕೆಮಿ ಕುತ್ತ ಮಾಡಿಗೊಂಡಿತ್ತು.

ಪೇಟೆ ಕರೆಲಿ ಬಿಡುದು ಹೇಳಿರೆ ಎಂತರ? ನಾಲ್ಕು ಕಾಲು ಸರಿ ಇಪ್ಪ ನಾಯಿಯೇ ಅಲ್ಲಿ ಬೇರೆ ನಾಯಿಗಳ ಎದುರು ನಿಲ್ಲ. ಎರಡು ಕಾಲಿನದ್ದು ನೀರಿನ ಹತ್ತರಕ್ಕೂ ಹೋಗ. “ಆಯುಷ್ಯ ಇದ್ದರೆ ಬದ್ಕುಗು” ಹೇಳುದು ನಮ್ಮ ಕೈ ತೊಳಕ್ಕೊಂಬಲೆ ಮಾಡಿದ ಮಾತು. ಪ್ರಾಣಿಗೊಕ್ಕೆ ಹಿಂಸೆ ಕೊಡ್ಲಾಗ ಹೇಳ್ತ 1960ರ ಕಾನೂನಿಲಿ, ಹಶು ಆಸರಿಂದ ಬೇನೆ ತಿಂಬ ಹಾಂಗೆ ಪ್ರಾಣಿಯ ಬಿಟ್ಟು ಹೋಪದೂ ಅಪರಾಧವೇ. ಸುರುವಾಣ ಸರ್ತಿಗೆ ದಂಡ 10 ರೂಪಾಯಿಂದ 50 ರೂಪಾಯಿವರೆಗೆ ಅಡ! ಅದು ಒಂದು ತೆಂಗಿನಕಾಯಿಗೂ ಸಾಕಾವುತ್ತೋ ಇಲ್ಲೆಯೋ. ಹಾಂಗಾಗಿ ಕಾನೂನಿನ ಹೆದರಿಕೆ ಹೇಳಿ ಆನು ಆರಿಂಗೂ ಹೇಳ್ತಿಲ್ಲೆ.

2022ರಲ್ಲಿ ‘777 ಚಾರ್ಲಿ’ ಬಂದಿಪ್ಪಗ ಎಂಗಳ ಕುಟುಂಬದ ಹೆಮ್ಮಕ್ಕೊ ಒಟ್ಟಿಂಗೆ ನೋಡ್ಲೆ ಹೋದ್ದದು ನೆಂಪಿದ್ದೋ? ಎಲ್ಲೋರೂ ಸೆರಗಿಲಿ ಕಣ್ಣು ಉದ್ದಿದ್ದು. ಆಗಾಣ ಮುಖ್ಯಮಂತ್ರಿ ಬೊಮ್ಮಾಯಿಯೂ ಅದರ ನೋಡಿ ಕೂಗಿದವು ಹೇಳಿ ಪೇಪರಿಲಿ ಬಂದಿತ್ತು. ಆ ಸಿನೆಮದ ನಾಯಿಗೆ ಕೂಗಿದವೇ ಬೊಳ್ಳುವ ಬಿಟ್ಟಿಕ್ಕಿ ಬಾ ಹೇಳಿದ್ದು. ಹೆಸರು ಹೇಳೆ, ಓದುವಗ ಅವಕ್ಕೇ ಗೊಂತಕ್ಕು. ಮತ್ತೆ ಆರೋ ಧರ್ಮರಾಯನ ಕತೆ ನೆಂಪು ಮಾಡಿದವು, ನಾಯಿಯ ಬಿಟ್ಟು ಸ್ವರ್ಗಕ್ಕೆ ಬಾರೆ ಹೇಳಿದ್ದದು. ಅಪ್ಪು, ಆದರೆ ಧರ್ಮರಾಯನ ನಾಯಿ ತಾನೇ ನೆಡಕ್ಕೊಂಡು ಹೋಯಿದು, ಅವಂಗೆ ಹೊಟ್ಟೆಗೆ ಬೈರಾಸು ಕಟ್ಟಿ ಎತ್ತೆಕ್ಕಾಗಿ ಬೈಂದಿಲ್ಲೆ.

ಬೈರಾಸಿನ ವಿಷಯಕ್ಕೇ ಬತ್ತೆ. ಡಾಕ್ಟ್ರು ಇನ್ನು ನಿಲ್ಲುಸುಲಕ್ಕು ಹೇಳಿದ ಮತ್ತೆ ಆನು ಸುರು ಮಾಡಿದ್ದು ಬೈರಾಸಿಲಿ. ಉದ್ದಕೆ ಮಡುಸಿ, ಹಿಂದಾಣ ಕಾಲಿನ ಎದುರು ಹೊಟ್ಟೆಯ ಅಡಿಂದ ತೆಗದು, ಎರಡು ಕೊಡಿಯ ಬೆನ್ನಿನ ಮೇಲೆ ಒಟ್ಟು ಹಿಡಿವದು. ಎರಡು ದಿನಕ್ಕೆ ಅಡ್ಡಿ ಇಲ್ಲೆ. ಆದರೆ ಬೊಳ್ಳು ಗೆಂಡು. ಬೈರಾಸು ಉಚ್ಚು ಹೊಯ್ವ ಜಾಗಗೇ ಅಡ್ಡ ಬತ್ತು, ಅದೂ ಚೆಂಡಿ, ಎನ್ನ ಸೀರೆಯೂ ಚೆಂಡಿ. ಮೇಲಂದ ಹೊಟ್ಟೆ ಒತ್ತಿ ಹೋವ್ತು. ಇಂಥಾ ನಾಯಿಗೊಕ್ಕೆ ನೆಡವಲೆ ಎಡಿಯದ್ದದರಿಂದ ದೊಡ್ಡ ಗಂಡಾಂತರ ಉಚ್ಚು ಕಟ್ಟುದು. ತುಂಬಿ ತುಂಬಿ ತನ್ನಷ್ಟಕ್ಕೆ ಹನಿವದರ ನೋಡಿ “ಹೋವ್ತಾ ಇದ್ದನ್ನೆ” ಹೇಳಿ ಗ್ರೇಶಲಾಗ. ಹೊಟ್ಟೆ ಒತ್ತಿ ಉಚ್ಚು ತೆಗವ ಕ್ರಮ ಇದ್ದು, ಅದರ ಡಾಕ್ಟ್ರ ಕೈಂದಲೇ ನೋಡಿ ಕಲಿಯೆಕ್ಕು. ಬರದು ಹೇಳುವ ಸಂಗತಿ ಅಲ್ಲ.

ಮತ್ತೆ ಮಗಳ ಹಳೆ ಶಾಲೆ ಬೇಗಿನ ಪಟ್ಟಿಗಳ ಕತ್ತರ್ಸಿ, ರಿಕ್ಷದ ಸೀಟು ಹೊಲಿವವರ ಹತ್ತರೆ ಕೊಟ್ಟು ಒಂದು ಪಟ್ಟಿ ಹೊಲುಶಿದೆ. ಸಣ್ಣ ಮಕ್ಕಳ ಚಡ್ಡಿಯ ಹಾಂಗೆ ಎರಡು ತೊಡೆಗೂ ಒಂದೊಂದು ಬಳೆ, ನೆಡುಕೆ ಖಾಲಿ, ಮೇಲೆ ಹಿಡಿ. ಒಳಾಣ ಹೊಡೆಂಗೆ ಮಾವನ ಹಳೆ ವೇಷ್ಟಿಯ ನಾಲ್ಕು ಮಡಿಕೆ. ಹೊಲಿವವು ಸುರುವಿಂಗೆ ನೆಗೆ ಮಾಡಿದವು, ಮತ್ತೆ ಅವ್ವೇ ಬೊಳ್ಳುವ ಅಳತೆಗೆ ಮನೆವರೆಗೆ ಬಂದವು. ಆನ್‌ಲೈನಿಲಿ ಸಿಕ್ಕುವದು ಚೆಂದ ಇದ್ದು, ಆದರೆ ಅಳತೆ ತಪ್ಪಿರೆ ತೊಡೆಸಂದಿಲಿ ಉದ್ದಿ ಹುಣ್ಣಾವ್ತು.

ಎತ್ತುವ ಕ್ರಮಲ್ಲಿಯೂ ಎನ್ನದು ತಪ್ಪಿತ್ತು. ಪ್ರೀತಿಲಿ ಹೆಚ್ಚು ಎತ್ತಿಗೊಂಡಿತ್ತೆ. ನಾಯಿ ತೊಟ್ಲಿನ ಹಾಂಗೆ ನೇಲಿರೆ ಕಾಲಿಂಗೆ ಎಂತ ಕೆಲಸ? ಮಾಂಸ ಬತ್ತಿ ಹೋಕು. ಸೊಂಟ ಅದರ ಹೆಗಲಿನ ಮಟ್ಟಲ್ಲಿರೆಕ್ಕು, ಪಾದ ನೆಲಕ್ಕೆ ಮುಟ್ಟೆಕ್ಕು, ಎದುರಾಣ ಕಾಲು ಹೋದ ಹೊಡೆಂಗೆ ನಾವು ಹೋಯೆಕ್ಕು. ಪಾದ ಮಡುಚಿ ಮೇಗಾಣ ಚರ್ಮ ಉದ್ದುವದಕ್ಕೆ ಮಗಳ ಹಳೆ ಸಾಕ್ಸು ಹಾಕಿದೆ. ಮನುಗಿಪ್ಪಗ ಪಟ್ಟಿ ಬಿಚ್ಚಲೇ ಬೇಕು. ಮಳೆಗಾಲಲ್ಲಿ ಪಟ್ಟಿ ಒಂದು ಸಾಲ, ಎರಡು ಬೇಕು, ಒಂದು ಬೆಶಿನೀರ ಒಲೆ ಹತ್ತರೆ ಒಣಗಿಗೊಂಡಿರಲಿ. ಮೂಡಬಿದ್ರೆಲಿ ಕಾಲೇಜಿಂಗೆ ಹೋಪ ಮಗಳು ಪೈಪು ಚಕ್ರ ಸೇರ್ಸಿ ಗಾಡಿ ಮಾಡುವ ಹೇಳಿತ್ತು. ಸಿಮೆಂಟಿನ ಜಾಲು ಇಪ್ಪವಕ್ಕೆ ಅದು ಅಕ್ಕು. ಎಂಗಳಲ್ಲಿ ಮೆಟ್ಲು, ದರೆ, ತೋಟದ ಕಣಿ. ಚಕ್ರ ಎಲ್ಲಿ ತಿರುಗುದು?

ಈಗ ಎನ್ನ ಸೊಂಟದ ಕತೆ. ಬೊಳ್ಳು 18 ಕಿಲೊ. ದಿನಕ್ಕೆ ಐದು ಸರ್ತಿ, ಬಗ್ಗಿಗೊಂಡು. ಒಂದು ತಿಂಗಳಿಲಿ ಎನಗೇ ಆರಾರು ಪಟ್ಟಿ ಕಟ್ಟಿ ಎತ್ತೆಕ್ಕಾದ ಹಾಂಗಾತು. ಹಿಡಿ ಗಿಡ್ಡ ಆದ್ದು ಕಾರಣ. ಎತ್ತುವವು ನೆಟ್ಟಗೆ ನಿಂದರೆ ಹಿಡಿ ಅವರ ಸೊಂಟದ ಹತ್ತರಕ್ಕೆ ಬರೆಕ್ಕು. ಇದರ ಆರೂ ಎನಗೆ ಹೇಳಿದ್ದವಿಲ್ಲೆ, ಎಲ್ಲೋರೂ ಹೇಳಿದ್ದು “ನಿನಗೆ ಪುಣ್ಯ ಬತ್ತು” ಹೇಳಿ ಮಾಂತ್ರ. ಆ ಮಾತಿನ ಮೇಲೆ ಎನಗೆ ಕೋಪ ಇದ್ದು. ಪುಣ್ಯ ಪೂರಾ ಎನಗೇ ಎಂತಕೆ? ರಜ್ಜ ಮನೆಲಿ ಉಳುದವಕ್ಕೂ ಇರಲಿ.

ಕಾರ್ತಿಕಲ್ಲಿ ಬೆಳ್ತಂಗಡಿಂದ ಅತ್ತಿಗೆಯ ಫೋನು ಬಂತು. ಅಬ್ಬೆಗೆ ಎದೆಬೇನೆ, ಆಸ್ಪತ್ರೆಗೆ ಸೇರ್ಸಿದ್ದು ಹೇಳಿ. ಆನು ಬೇಗು ಹಿಡುದು ಜೆಗಿಲಿಗೆ ಬಂದೆ. ಬೊಳ್ಳು ಎದ್ದು ನಿಂಬಲೆ ನೋಡಿತ್ತು, ಅದರ ಹೊತ್ತು ಆಗಿತ್ತು. ಇವು ಬೊಳ್ಳುವನ್ನೂ ಎನ್ನನ್ನೂ ನೋಡಿ, “ನೀನು ಒಂದರಿ ಹೊಯ್ಶಿಕ್ಕಿ ಹೋಗು, ಎನಗೆ ಅಂದಾಜಿಲ್ಲೆ” ಹೇಳಿದವು. ನಾಲ್ಕು ತಿಂಗಳು ಎನ್ನ ಎದುರೇ ಕೂದು ಪೇಪರು ಓದಿದವಕ್ಕೆ ಅಂದಾಜಿಲ್ಲೆ! ಅಬ್ಬೆಯ ಉಸುಲು ಹೇಂಗಿದ್ದೋ ಗೊಂತಿಲ್ಲದ್ದ ಹೊತ್ತಿಲಿ, ಆನು ಜಾಲಿಲಿ ನಿಂದು ನಾಯಿ ಉಚ್ಚು ಹೊಯ್ವದರ ಕಾದೆ. ಬಸ್ಸು ತಪ್ಪಿತ್ತು. ಆಸ್ಪತ್ರೆಗೆ ಎತ್ತುವಗ ಅಬ್ಬೆಯ ಒಳ ತೆಕ್ಕೊಂಡು ಹೋಗಿತ್ತಿದ್ದವು, ಇರುಳು ಒಂಬತ್ತು ಗಂಟೆವರೆಗೆ ಮೋರೆ ನೋಡ್ಲೆ ಸಿಕ್ಕಿದ್ದಿಲ್ಲೆ. ದೇವರ ದಯೆ, ಅಬ್ಬೆ ಈಗ ಹುಶಾರಿದ್ದು. ಇಲ್ಲದ್ದರೆ ಆನು ಆ ಬಸ್ಸಿನ ಜನ್ಮಲ್ಲಿ ಮರೆಯೆ. ಇವರ ಮರವಲೆ ಬಿಡೆ.

ಮೂರು ದಿನ ಆನು ಬೆಳ್ತಂಗಡಿಲಿ. ಸುರುವಾಣ ಇರುಳು ಫೋನಿಲಿ ಒಂದೊಂದೇ ಹೇಳಿಕೊಟ್ಟೆ, ಯಾವ ಬಳೆಗೆ ಯಾವ ಕಾಲು, ಎಷ್ಟು ಎತ್ತುದು, ಎಷ್ಟೊತ್ತು ಕಾವದು. ಇವು ಪಟ್ಟಿಯ ತಿರುಗಾಮುರುಗ ಹಾಕಿದವು ಅಡ, ಬೊಳ್ಳು ಒಪ್ಪಿದ್ದಿಲ್ಲೆ, ಮನುಗಿಯೇ ಬಿಟ್ಟಿತ್ತು. ಎರಡನೇ ದಿನ ಸರಿ ಆತು. ಮೂರನೇ ದಿನ ಫೋನಿಲಿ, “ಎಡದ ಕಾಲು ನಾಲ್ಕು ಹೆಜ್ಜೆ ತಾನೇ ಮಡಗಿತ್ತು” ಹೇಳಿ ಕಂಡುಹಿಡುದವರ ಹಾಂಗೆ ಹೇಳಿದವು. ಆನು ಎರಡು ವಾರ ಮೊದಲೇ ಕಂಡಿದೆ, ಆದರೂ “ಅಪ್ಪೋ!” ಹೇಳಿದೆ.

ಈಗ ಉದಿಯಪ್ಪಗಾಣದ್ದು ಮತ್ತೆ ಇರುಳಾಣದ್ದು ಇವರ ಪಾಲು. ರಜೆಲಿ ಬಂದರೆ ಮಧ್ಯಾಹ್ನದ್ದು ಮಗಳದ್ದು. ಬೊಳ್ಳುವಿಂಗೆ ಎಡದ ಕಾಲು ಬೈಂದು, ಬಲದ್ದು ಇಲ್ಲೆ, ಬಕ್ಕು ಹೇಳಿ ಡಾಕ್ಟ್ರೂ ಹೇಳ್ತವಿಲ್ಲೆ. ಪಟ್ಟಿ ಕಟ್ಟಿರೆ ದಣಪ್ಪೆವರೆಗೆ ಹೋವ್ತು, ಅಲ್ಲಿ ನಿಂದು ಮಾರ್ಗಲ್ಲಿ ಹೋಪ ಪಿಕಪ್ಪುಗೊಕ್ಕೆಲ್ಲ ಕೊರಪ್ಪುತ್ತು.

ಮನೆಲಿ ಹೀಂಗಿಪ್ಪ ನಾಯಿ ಇಪ್ಪವು ಫೋನು ಮಾಡಿ, ಪಟ್ಟಿಯ ಅಳತೆ ಹೇಳ್ತೆ. ಸೊಂಟದ ಸುತ್ತಳತೆ, ಎರಡು ತೊಡೆಯ ಸುತ್ತಳತೆ, ಮತ್ತೆ ಎತ್ತುವವರ ಎತ್ತರ, ಇಷ್ಟು ಒಂದು ನೂಲಿಲಿ ತೆಗದು ಮಡಗಿ. ಎತ್ತರ ಹೇಳಿರೆ ಮನೆಲಿ ಇಪ್ಪವರದ್ದೆಲ್ಲ, ನಿಂಗಳದ್ದು ಮಾಂತ್ರ ಅಲ್ಲ. ಮಧ್ಯಾಹ್ನ ಎರಡು ಗಂಟೆ ಕಳುದ ಮತ್ತೆ ಮಾಡಿ, ಅದರಿಂದ ಮೊದಲು ಎನ್ನ ಕೈಲಿ ಬೊಳ್ಳು ಇರ್ತು.